ದೋಷ ಹುಡುಕುವ ಮೊದಲು: ಪ್ರೌಢಶಾಲೆಯ ತರಗತಿಯಲ್ಲಿ ದುರಂತ ನಾಟಕ ಮತ್ತು ಕಾದಂಬರಿ

ಅಮೆರಿಕದ ಹೈಸ್ಕೂಲುಗಳಲ್ಲಿ ಯಾವ ತರಗತಿಗೆ ಯಾವ ಪುಸ್ತಕ ಎಂಬುದನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ಯಾರೂ ಗೊತ್ತುಪಡಿಸುವುದಿಲ್ಲ. ರಾಜ್ಯ, ಶಾಲಾ ಜಿಲ್ಲೆ, ಎಷ್ಟೋ ಕಡೆ ಪಾಠ ಹೇಳುವ ಶಿಕ್ಷಕರೇ ಅದನ್ನು ಆರಿಸುತ್ತಾರೆ. ಹಾಗಿದ್ದರೂ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ದೊರೆ ಈಡಿಪಸ್’ ಅಥವಾ ‘ಆಂಟಿಗೊನಿ’, ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಅಥವಾ ‘ಜೂಲಿಯಸ್ ಸೀಸರ್’, ಚಿನುವಾ ಅಚೆಬೆಯ ‘ಥಿಂಗ್ಸ್ ಫಾಲ್ ಅಪಾರ್ಟ್’ ಅಲ್ಲಿನ ಸಾಹಿತ್ಯ ತರಗತಿಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕೃತಿಗಳು. ಇಂಗ್ಲೆಂಡಿನಲ್ಲಿ ವ್ಯವಸ್ಥೆ ಇನ್ನಷ್ಟು ಬಿಗಿ. ಹದಿನಾರರ ಆಸುಪಾಸಿನ ಮಕ್ಕಳು ಬರೆಯುವ ಜಿಸಿಎಸ್‌ಇ ಪರೀಕ್ಷೆಗೆ 2015ರಲ್ಲಿ ಜಾರಿಗೆ ಬಂದ ಸಾಹಿತ್ಯ ಪಠ್ಯಕ್ರಮದಂತೆ ವಿದ್ಯಾರ್ಥಿಗಳು ಶೇಕ್ಸ್‌ಪಿಯರನ ಒಂದು ನಾಟಕವನ್ನೂ ಹತ್ತೊಂಬತ್ತನೆಯ ಶತಮಾನದ ಒಂದು ಕಾದಂಬರಿಯನ್ನೂ ಇಡಿಯಾಗಿ ಓದಿ, ಪರೀಕ್ಷೆಯಲ್ಲಿ ಪುಸ್ತಕದ ನೆರವಿಲ್ಲದೆ ಉತ್ತರಿಸಬೇಕು. ಬೆಂಗಳೂರು, ಮೈಸೂರು, ಮಂಗಳೂರುಗಳ ಐಸಿಎಸ್‌ಇ ಶಾಲೆಗಳ ಮಕ್ಕಳಿಗೂ ಶೇಕ್ಸ್‌ಪಿಯರ್ ಹೊಸಬನಲ್ಲ.

ಈ ತರಗತಿಗಳಲ್ಲೆಲ್ಲ ಒಂದು ಪ್ರಶ್ನೆ ಬಹು ಬೇಗ ಹಲಗೆಯ ಮೇಲೆ ಬರುತ್ತದೆ: ನಾಯಕನ ದೋಷ ಯಾವುದು? ಮಕ್ಕಳು ಅದಕ್ಕೆ ಒಂದೇ ಪದದ ಉತ್ತರ ಕೊಡಲು ಬೇಗ ಕಲಿಯುತ್ತಾರೆ. ಈಡಿಪಸನಿಗೆ ಅಹಂಕಾರ, ಮ್ಯಾಕ್‌ಬೆತ್‌ನಿಗೆ ಮಹತ್ವಾಕಾಂಕ್ಷೆ, ಅಚೆಬೆಯ ನಾಯಕ ಒಕೊಂಕ್ವೊನಿಗೆ ದುರ್ಬಲನೆನಿಸಿಕೊಳ್ಳುವ ಭಯ. ಉತ್ತರ ಸಿಕ್ಕಿದ ಮೇಲೆ ಕೃತಿಯ ಉಳಿದ ಭಾಗವೆಲ್ಲ ಆ ಪದಕ್ಕೆ ಸಾಕ್ಷಿ ಹುಡುಕುವ ಕೆಲಸವಾಗಿಬಿಡುತ್ತದೆ. ದುರಂತ ಕೃತಿಯನ್ನು ಓದಲು ಇದಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ಪ್ರಶ್ನೆಯಿದೆ: ಯಾವ ಗಳಿಗೆಯಲ್ಲಿ ಯಾರಿಗೆ ಏನು ಗೊತ್ತಿತ್ತು, ಅಷ್ಟನ್ನೇ ಬಲ್ಲವರಾಗಿ ಅವರು ಏನು ಮಾಡಿದರು? ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಸಿದ್ಧಾಂತದ ಭಾರವಿಲ್ಲದೆ, ಪುಟ ತಿರುವುತ್ತಲೇ ಇದನ್ನು ಕೇಳಿಕೊಳ್ಳಬಹುದು.

ದೋಷದ ಪ್ರಶ್ನೆಯ ಬೇರು ಅರಿಸ್ಟಾಟಲನ ‘ಕಾವ್ಯಮೀಮಾಂಸೆ’ಯಲ್ಲಿದೆ. ಕ್ರಿ.ಪೂ. ನಾಲ್ಕನೆಯ ಶತಮಾನದ, ಅಂದರೆ ಸೊಫೊಕ್ಲಿಸನ ನಾಟಕ ರಂಗವೇರಿ ಹಲವು ದಶಕಗಳಾದ ಮೇಲಿನ ಗ್ರಂಥವದು. ಅತಿ ಸಜ್ಜನನೂ ಅಲ್ಲದ, ದುಷ್ಟನೂ ಅಲ್ಲದ, ಹೆಸರು ಪ್ರತಿಷ್ಠೆಗಳುಳ್ಳ ವ್ಯಕ್ತಿಯೊಬ್ಬ ಯಾವುದೋ ಒಂದು ತಪ್ಪಿನಿಂದ ಬೀಳುವುದನ್ನು ಕಂಡಾಗ ನಮ್ಮಲ್ಲಿ ಕರುಣೆ ಮತ್ತು ಭಯ ಹುಟ್ಟುತ್ತವೆ ಎಂದು ಅದರ ಹದಿಮೂರನೆಯ ಅಧ್ಯಾಯದಲ್ಲಿ ಆತ ಹೇಳುತ್ತಾನೆ. ಈ ಒಂದು ಮಾತು ಪಠ್ಯಪುಸ್ತಕಗಳ ಮೂಲಕ ಹರಿದು ಬರುವಾಗ, ಮಾಡಿದ ತಪ್ಪು ಹುಟ್ಟುಗುಣದ ದೋಷವಾಗಿ ಗಟ್ಟಿಯಾಯಿತು. 1904ರಲ್ಲಿ ಬಂದ ಎ. ಸಿ. ಬ್ರ್ಯಾಡ್ಲಿಯ ಶೇಕ್ಸ್‌ಪಿಯರ್ ಉಪನ್ಯಾಸಗಳು ಪಾತ್ರದ ಸ್ವಭಾವವನ್ನೇ ದುರಂತದ ಕೇಂದ್ರಕ್ಕೆ ತಂದದ್ದೂ ಇದಕ್ಕೆ ಒತ್ತಾಸೆಯಾಯಿತು; ನಮ್ಮ ಕಾಲೇಜುಗಳ ಇಂಗ್ಲಿಷ್ ಪಾಠವೂ ಬಹುಕಾಲ ಬ್ರ್ಯಾಡ್ಲಿಯ ನೆರಳಿನಲ್ಲೇ ನಡೆದಿದೆ. ಆದರೆ ಅದೇ ಅರಿಸ್ಟಾಟಲ್ ದುರಂತ ನಾಟಕದ ಆರು ಅಂಗಗಳನ್ನು ಹೆಸರಿಸುವಾಗ ಮೊದಲ ಸ್ಥಾನವನ್ನು ಕಥಾಸಂವಿಧಾನಕ್ಕೆ ಕೊಟ್ಟು, ಪಾತ್ರಸ್ವಭಾವವನ್ನು ಎರಡನೆಯದಾಗಿ ಇಟ್ಟಿದ್ದಾನೆ. ಸ್ವಭಾವಚಿತ್ರಣವಿಲ್ಲದೆಯೂ ದುರಂತ ನಾಟಕ ಇರಬಹುದು, ಕ್ರಿಯೆಯಿಲ್ಲದೆ ಇರಲಾರದು ಎಂಬ ಅವನ ಮಾತು ತರಗತಿಯ ಟಿಪ್ಪಣಿಗಳಲ್ಲಿ ಕಾಣಿಸುವುದು ಅಪರೂಪ.

ಆಕ್ಸ್‌ಫರ್ಡ್‌ನ ಗ್ರೀಕ್ ವಿದ್ವಾಂಸ ಇ. ಆರ್. ಡಾಡ್ಸ್ 1966ರಲ್ಲಿ ಈಡಿಪಸ್ ನಾಟಕದ ಬಗ್ಗೆ ಪ್ರಕಟಿಸಿದ ಪ್ರಬಂಧವೊಂದು ತಾನು ಪರೀಕ್ಷಕನಾಗಿ ಓದಿದ ಉತ್ತರಪತ್ರಿಕೆಗಳಿಂದಲೇ ಶುರುವಾಗುತ್ತದೆ. ದೇವರು ಮನುಷ್ಯನೊಡನೆ ನಡೆದುಕೊಳ್ಳುವ ರೀತಿಯನ್ನು ಈ ನಾಟಕ ಸಮರ್ಥಿಸುತ್ತದೆಯೇ ಎಂದು ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನು ಆತ ಮೂರು ಗುಂಪು ಮಾಡುತ್ತಾನೆ. ಈಡಿಪಸ್ ಕೆಟ್ಟವನು, ತಕ್ಕ ಶಿಕ್ಷೆ ಅನುಭವಿಸಿದ ಎಂದವರದು ಒಂದು. ಎಲ್ಲವೂ ವಿಧಿಲಿಖಿತ, ಮನುಷ್ಯ ಬರಿಯ ಸೂತ್ರದ ಗೊಂಬೆ ಎಂದವರದು ಇನ್ನೊಂದು. ಸೊಫೊಕ್ಲಿಸ್ ಶುದ್ಧ ಕಲಾವಿದ, ಅವನಿಗೆ ಇಂಥ ಪ್ರಶ್ನೆಗಳೇ ಇರಲಿಲ್ಲ ಎಂದವರದು ಮತ್ತೊಂದು. ಮೂರೂ ನಾಟಕವನ್ನು ತಪ್ಪಾಗಿ ಓದಿವೆ ಎಂಬುದು ಡಾಡ್ಸ್‌ನ ವಾದ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆದಿದ್ದರೂ ಹತ್ತನೆಯ ತರಗತಿಯ ಪ್ರಬಂಧಗಳಲ್ಲಿ ಮೊದಲೆರಡು ಗುಂಪಿನ ಉತ್ತರಗಳು ಇಂದಿಗೂ ಹಾಗೆಯೇ ಬರುತ್ತಿವೆ. ಮೂರನೆಯದನ್ನು ಹದಿನೈದು ವರ್ಷದವರು ಬರೆಯುವುದಿಲ್ಲ. ಅದಕ್ಕೆ ವಿಶ್ವವಿದ್ಯಾಲಯಕ್ಕೇ ಹೋಗಬೇಕು.

ನಾಟಕವನ್ನೇ ತೆರೆದು ನೋಡೋಣ. ಥೀಬ್ಸ್ ನಗರದಲ್ಲಿ ಪಿಡುಗು ಹರಡಿದೆ. ಹಿಂದಿನ ದೊರೆ ಲಾಯಸನನ್ನು ಕೊಂದವನು ನಗರದಲ್ಲಿಯೇ ಇದ್ದಾನೆ, ಅವನನ್ನು ಹೊರಹಾಕಿದರೆ ಪಿಡುಗು ತೊಲಗುತ್ತದೆ ಎಂದು ಡೆಲ್ಫಿಯ ದೈವವಾಣಿ ಹೇಳಿದೆ. ದೊರೆ ಈಡಿಪಸ್ ಕೊಲೆಗಾರನನ್ನು ಎಲ್ಲರೆದುರು ಶಪಿಸುತ್ತಾನೆ. ಗೊತ್ತಿದ್ದೂ ಅವನಿಗೆ ನನ್ನ ಮನೆಯಲ್ಲೇ ಆಶ್ರಯ ಕೊಟ್ಟಿದ್ದರೆ ಆ ಶಾಪ ನನಗೂ ತಟ್ಟಲಿ ಎನ್ನುತ್ತಾನೆ. ಅಥೆನ್ಸಿನ ಪ್ರೇಕ್ಷಕರಿಗೆ ಈ ಕಥೆ ಮೊದಲೇ ಗೊತ್ತು. ಕೊಲೆಗಾರ ಯಾರೆಂಬ ಕುತೂಹಲ ಅವರಿಗಿಲ್ಲ. ಗೊತ್ತಿಲ್ಲದವನು ವೇದಿಕೆಯ ಮೇಲಿರುವ ಒಬ್ಬನೇ, ಅವನು ಆಡುವ ಒಂದೊಂದು ಮಾತಿಗೂ ಎರಡು ಅರ್ಥ. ಇಲ್ಲಿ ಗಮನಿಸಬೇಕಾದ ಸಂಗತಿ ಸರಳವಾದರೂ ತರಗತಿಯಲ್ಲಿ ಆಗಾಗ ಜಾರಿಹೋಗುತ್ತದೆ: ತಂದೆಯೆಂದು ತಿಳಿಯದೆ ಲಾಯಸನನ್ನು ಕೊಂದದ್ದು, ತಾಯಿಯೆಂದು ತಿಳಿಯದೆ ಅವನ ರಾಣಿಯನ್ನು ಮದುವೆಯಾದದ್ದು ಎರಡೂ ನಾಟಕ ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲೇ ಆಗಿಹೋಗಿವೆ. ರಂಗದ ಮೇಲೆ ನಾವು ಕಾಣುವುದು ಅವುಗಳ ಪತ್ತೆಯನ್ನು ಮಾತ್ರ. ಹೀಗಿರುವಾಗ ಅವನು ರಂಗದ ಮೇಲೆ ತೋರುವ ಸಿಟ್ಟು, ದರ್ಪಗಳಿಂದ ಅವನ ಪತನವಾಯಿತು ಎಂದು ಬರೆದರೆ ಕಾಲದ ಲೆಕ್ಕವೇ ಕೂಡುವುದಿಲ್ಲ.

ಪತ್ತೆ ನಡೆಯುವ ಬಗೆಯಲ್ಲಿಯೇ ಸೊಫೊಕ್ಲಿಸನ ಕಸುಬಿದೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಮೊದಲ ಭಾಗದಲ್ಲಿಯೇ ಸತ್ಯವನ್ನು ನೇರವಾಗಿ ನುಡಿದುಬಿಡುತ್ತಾನೆ, ಆದರೆ ಅದು ಜಗಳದ ನಡುವೆ ಬಂದ ಮಾತಾದ್ದರಿಂದ ಈಡಿಪಸನಿಗೆ ಪಿತೂರಿಯಂತೆ ಕೇಳಿಸುತ್ತದೆ. ಆಮೇಲೆ ರಾಣಿ ಯೊಕಾಸ್ತ ಅವನನ್ನು ಸಮಾಧಾನಪಡಿಸಲು ಬರುತ್ತಾಳೆ. ದೈವವಾಣಿಗಳನ್ನು ನಂಬಬೇಡ, ಲಾಯಸ್ ತನ್ನ ಮಗನ ಕೈಯಲ್ಲೇ ಸಾಯುತ್ತಾನೆಂದು ಹೇಳಿದ್ದರು, ಆದರೆ ಅವನನ್ನು ಕೊಂದವರು ಮೂರು ದಾರಿ ಕೂಡುವಲ್ಲಿ ಎದುರಾದ ಕಳ್ಳರು, ಮಗುವನ್ನಂತೂ ಹುಟ್ಟಿದ ಮೂರೇ ದಿನದೊಳಗೆ ಕಾಲು ಬಿಗಿದು ಬೆಟ್ಟದ ಪಾಲು ಮಾಡಿದ್ದಾಯಿತು ಎನ್ನುತ್ತಾಳೆ. ಇಷ್ಟು ಹೇಳಿದ್ದು ಅವನ ಭಯ ಕಳೆಯಲೆಂದು. ಆದರೆ ಮೂರು ದಾರಿ ಕೂಡುವ ಜಾಗ ಎಂಬ ಒಂದು ವಿವರ ಅವನೊಳಗೆ ನಾಟುತ್ತದೆ, ಏಕೆಂದರೆ ಅಂಥದೇ ಜಾಗದಲ್ಲಿ ಅವನೊಮ್ಮೆ ಒಬ್ಬ ಮುದುಕನನ್ನು ಕೊಂದಿದ್ದಾನೆ. ಅವನ ಪ್ರಶ್ನೆಗಳು ಕೂಡಲೇ ಬದಲಾಗುತ್ತವೆ: ಆ ಜಾಗ ಎಲ್ಲಿದೆ, ಅದು ನಡೆದದ್ದು ಯಾವಾಗ, ಲಾಯಸ್ ನೋಡಲು ಹೇಗಿದ್ದ, ಜೊತೆಗೆ ಎಷ್ಟು ಜನರಿದ್ದರು?

ಇದರ ಬೆನ್ನಿಗೇ ಕೊರಿಂಥ್‌ನಿಂದ ದೂತನೊಬ್ಬ ಬರುತ್ತಾನೆ. ಈಡಿಪಸ್ ತನ್ನ ತಂದೆಯೆಂದು ನಂಬಿರುವ ಪಾಲಿಬಸ್ ವಯಸ್ಸಾಗಿ ತೀರಿಕೊಂಡಿದ್ದಾನೆ, ಕೊರಿಂಥ್‌ನ ಜನ ಈಡಿಪಸನನ್ನು ದೊರೆಯಾಗಿ ಬಯಸುತ್ತಿದ್ದಾರೆ ಎಂಬ ಸುದ್ದಿ ತಂದಿದ್ದಾನೆ. ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವೆ ಎಂದು ದೈವವಾಣಿ ಹಿಂದೊಮ್ಮೆ ನನಗೆ ನುಡಿದಿತ್ತು, ತಂದೆಯನ್ನು ಕೊಲ್ಲುವ ಭಯ ಹೋಯಿತು, ಆದರೆ ತಾಯಿಯ ವಿಷಯದ ಭಯ ಉಳಿಯಿತಲ್ಲ ಎಂದು ಈಡಿಪಸ್ ಹೇಳಿದಾಗ ದೂತ ಒಳ್ಳೆಯ ಮನಸ್ಸಿನಿಂದಲೇ ಅದನ್ನೂ ಕಳೆಯಲು ಹೊರಡುತ್ತಾನೆ: ನೀನು ಹೆದರಬೇಕಾಗಿಲ್ಲ, ಅವರು ನಿನ್ನ ಹೆತ್ತವರೇ ಅಲ್ಲ, ಕಾಲು ಚುಚ್ಚಿ ಬಿಗಿದಿದ್ದ ನಿನ್ನನ್ನು ಒಬ್ಬ ಕುರುಬನಿಂದ ಪಡೆದು ಅವರಿಗೆ ಕೊಟ್ಟವನು ನಾನೇ. ಅರಿಸ್ಟಾಟಲ್ ಕಥೆಯ ತಿರುವಿಗೆ ಉದಾಹರಣೆಯಾಗಿ ಎತ್ತಿಕೊಳ್ಳುವುದು ಈ ದೂತನ ದೃಶ್ಯವನ್ನೇ. ಸಂತೋಷಪಡಿಸಲು ಬಂದವನ ಮಾತು ಪೂರ್ತಿ ಎದುರಾದ ಫಲ ಕೊಡುತ್ತದೆ. ಈ ಮಾತುಗಳನ್ನು ಯೊಕಾಸ್ತಳೂ ಪಕ್ಕದಲ್ಲಿ ನಿಂತು ಕೇಳುತ್ತಿದ್ದಾಳೆ. ಅವಳಿಗೆ ಗಂಡನಿಗಿಂತ ಮೊದಲೇ ಎಲ್ಲವೂ ಹೊಳೆದುಹೋಗಿದೆ. ಇನ್ನು ಕೇಳಬೇಡ, ನಿಲ್ಲಿಸು ಎಂದು ಅಂಗಲಾಚಿ ಒಳಗೆ ಹೋಗುತ್ತಾಳೆ. ತಾನು ಕೀಳು ಕುಲದವನೆಂದು ತಿಳಿದುಬಿಡಬಹುದೆಂಬ ನಾಚಿಕೆಯಿಂದ ಅವಳು ಹೀಗೆ ಮಾಡುತ್ತಿದ್ದಾಳೆಂದು ಈಡಿಪಸ್ ಭಾವಿಸುತ್ತಾನೆ. ಒಂದೇ ಸುದ್ದಿಯನ್ನು ಒಟ್ಟಿಗೆ ಕೇಳಿದ ಇಬ್ಬರ ತಿಳಿವಳಿಕೆಯ ನಡುವೆ ಹೀಗೆ ತೆರೆದುಕೊಳ್ಳುವ ಅಂತರವನ್ನು ಮಕ್ಕಳಿಂದ ಗಟ್ಟಿಯಾಗಿ ಓದಿಸಿದರೆ, ನಾಟಕೀಯ ವ್ಯಂಗ್ಯ ಎಂದರೇನೆಂದು ಬೇರೆಯಾಗಿ ಬರೆಸುವ ಅಗತ್ಯ ಬೀಳುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದೆ. ಲಾಯಸನ ಪರಿವಾರದಲ್ಲಿ ಬದುಕುಳಿದ ಒಬ್ಬನೇ ಆಳನ್ನು ಈಡಿಪಸ್ ಕರೆಸುವುದು ಒಂದೇ ಪ್ರಶ್ನೆ ಕೇಳಲು: ಕೊಂದವರು ಹಲವರೋ, ಒಬ್ಬನೋ? ಹಲವರು ಎಂದರೆ ತಾನು ನಿರಪರಾಧಿ. ಆ ಆಳೇ ಮಗುವನ್ನು ಕೊರಿಂಥ್‌ನವನ ಕೈಗೆ ಕೊಟ್ಟ ಕುರುಬನೂ ಹೌದೆಂದು ಅಷ್ಟರಲ್ಲಿ ಗೊತ್ತಾಗುತ್ತದೆ. ಅವನು ಬಂದು ನಿಂತಾಗ ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ, ಏಕೆಂದರೆ ವಿಚಾರಣೆ ಆ ಹೊತ್ತಿಗೆ ಕೊಲೆಯನ್ನು ದಾಟಿ ಜನ್ಮದ ಕಡೆಗೆ ಹೊರಳಿರುತ್ತದೆ. ಸಾರಾಂಶ ಓದಿದ ವಿದ್ಯಾರ್ಥಿಗೆ ಇದು ಸಿಗುವುದಿಲ್ಲ, ನಾಟಕವನ್ನೇ ಓದಿದವರಿಗೆ ಸಿಗುತ್ತದೆ. ಇಡೀ ನಾಟಕ ಸುಮಾರು 1,500 ಸಾಲುಗಳಷ್ಟಿದ್ದು, ತರಗತಿಯ ಕೆಲವೇ ಅವಧಿಗಳಲ್ಲಿ ಪಾತ್ರ ಹಂಚಿಕೊಂಡು ಪೂರ್ತಿ ಓದಿ ಮುಗಿಸಬಹುದು. ಇಷ್ಟು ಚಿಕ್ಕ ಕೃತಿಗೂ ಸಾರಾಂಶದ ಪುಸ್ತಕ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ದಂಡದ ಖರ್ಚು.

ಹಾಗಾದರೆ ಈಡಿಪಸ್ ವಿಧಿಯ ಕೈಗೊಂಬೆಯೇ? ಡಾಡ್ಸ್ ಕೊಡುವ ಉತ್ತರ ತರಗತಿಗೆ ತುಂಬ ಉಪಯುಕ್ತ. ಈಡಿಪಸನ ಹಿಂದಿನ ಕೃತ್ಯಗಳನ್ನು ದೈವವಾಣಿ ಮೊದಲೇ ನುಡಿದಿತ್ತು, ನಿಜ. ಆದರೆ ರಂಗದ ಮೇಲೆ ಅವನು ಮಾಡುವ ಯಾವುದನ್ನೂ ಯಾರೂ ಅವನಿಂದ ಬಲವಂತವಾಗಿ ಮಾಡಿಸುತ್ತಿಲ್ಲ. ಪಿಡುಗನ್ನು ಅದರ ಪಾಡಿಗೆ ಬಿಟ್ಟು ಸುಮ್ಮನಿರಬಹುದಿತ್ತು. ಟೈರೀಸಿಯಸ್, ಯೊಕಾಸ್ತ, ಕುರುಬ ಮೂವರೂ ಸಾಕು ನಿಲ್ಲಿಸು ಎಂದಾಗ ನಿಲ್ಲಿಸಬಹುದಿತ್ತು. ಅವನು ಕೇಳುತ್ತಲೇ ಹೋಗುವುದು ತನ್ನ ನಗರದ ಮೇಲಿನ ಕಾಳಜಿಯಿಂದ, ಆಮೇಲೆ ತಾನು ಯಾರೆಂದು ತಿಳಿಯದೆ ಬದುಕಲಾರೆನೆಂಬ ಹಟದಿಂದ. ದೊರೆಯೊಬ್ಬನಲ್ಲಿ ನಾವು ಮೆಚ್ಚುವ ಗುಣವೇ ಅವನನ್ನು ಆ ತಿಳಿವಿಗೆ ಒಯ್ಯುತ್ತದೆ. ಅವನು ಸಿಡುಕ ಹೌದು, ಯೊಕಾಸ್ತಳ ಸೋದರ ಕ್ರಿಯಾನನ ಮೇಲೆ ಅನ್ಯಾಯವಾಗಿ ಸಂಶಯಪಟ್ಟವನೂ ಹೌದು. ಅದನ್ನು ಮಕ್ಕಳು ಗುರುತಿಸಲಿ, ಆದರೆ ಅದನ್ನೇ ಕೊಲೆಗೆ, ಮದುವೆಗೆ, ಪಿಡುಗಿಗೆ ಕಾರಣವಾಗಿ ಅಂಟಿಸದಿರಲಿ.

‘ಮ್ಯಾಕ್‌ಬೆತ್’ಗೆ ಬಂದರೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಇಲ್ಲಿ ನಾಯಕನಿಗೆ ಎಲ್ಲವೂ ಗೊತ್ತು. ಮೊದಲ ಅಂಕದ ಏಳನೆಯ ದೃಶ್ಯದಲ್ಲಿ ಡಂಕನ್ ತನ್ನ ಬಂಧು, ತನ್ನ ದೊರೆ, ತನ್ನ ಮನೆಯ ಅತಿಥಿ, ಸಾಲದ್ದಕ್ಕೆ ಸಾಧು ಸ್ವಭಾವದವನು ಎಂದು ಕೊಲ್ಲಬಾರದೆಂಬುದಕ್ಕೆ ಕಾರಣಗಳನ್ನು ಅವನೇ ಎಣಿಸುತ್ತಾನೆ, ತನ್ನನ್ನು ದೂಡುತ್ತಿರುವುದು ಮಹತ್ವಾಕಾಂಕ್ಷೆಯೊಂದೇ ಎಂದೂ ತಾನೇ ಹೇಳಿಕೊಳ್ಳುತ್ತಾನೆ. ಹೀಗೆ ನಾಯಕನೇ ಬಾಯಿಬಿಟ್ಟು ಹೇಳಿದ ದೋಷವನ್ನು ವಿದ್ಯಾರ್ಥಿ ಕಂಡುಹಿಡಿದಂತೆ ಬರೆದರೆ ಪರೀಕ್ಷಕರಿಗೆ ಹೊಸದೇನೂ ಸಿಗುವುದಿಲ್ಲ. ಇಲ್ಲಿಯೂ ಯಾರಿಗೆ ಏನು ಗೊತ್ತು ಎಂಬ ಎಳೆ ಹಿಡಿದು ಗಂಡಹೆಂಡಿರ ನಡುವಿನ ಮಾತುಗಳನ್ನು ಹಿಂಬಾಲಿಸುವುದು ಲೇಸು. ಮಾಟಗಾತಿಯರು ನುಡಿದ ಭವಿಷ್ಯವನ್ನು ಮ್ಯಾಕ್‌ಬೆತ್ ತಡಮಾಡದೆ ಪತ್ರ ಬರೆದು ಹೆಂಡತಿಗೆ ತಿಳಿಸುತ್ತಾನೆ. ಡಂಕನನ ಕೊಲೆಯನ್ನು ಇಬ್ಬರೂ ಕೂಡಿ ಯೋಜಿಸುತ್ತಾರೆ. ಮೂರನೆಯ ಅಂಕದ ಎರಡನೆಯ ದೃಶ್ಯದ ವೇಳೆಗೆ ಜೊತೆಯ ಸೇನಾನಿ ಬ್ಯಾಂಕೋನ ಕೊಲೆಗೆ ಆಳುಗಳನ್ನು ಕಳಿಸಿಯಾಗಿದೆ, ಅವಳಿಗೆ ಸುಳಿವಿಲ್ಲ. ಏನು ಮಾಡಲಿದ್ದೀರಿ ಎಂದು ಅವಳು ಕೇಳಿದರೆ, ಕೆಲಸ ಮುಗಿದು ನೀನು ಮೆಚ್ಚುವವರೆಗೆ ನಿನಗೆ ತಿಳಿಯದಿರಲಿ ಎನ್ನುತ್ತಾನೆ. ಅವನ ಯೋಜನೆಗಳಲ್ಲಿ ಅವಳಿಗೆ ಅಲ್ಲಿಂದ ಮುಂದೆ ಪಾಲಿಲ್ಲ. ಐದನೆಯ ಅಂಕದ ಮೊದಲಲ್ಲಿ ಅವಳು ನಿದ್ದೆಯಲ್ಲಿ ನಡೆಯುತ್ತ ಕೈತೊಳೆಯುವ ದೃಶ್ಯವನ್ನು ಪಾಪಪ್ರಜ್ಞೆ ಎಂಬ ಒಂದೇ ಮಾತಿನಲ್ಲಿ ಮುಗಿಸುವ ಬದಲು, ಗಂಡನ ಗುಟ್ಟುಗಳಿಂದ ಹೊರದೂಡಲ್ಪಟ್ಟವಳು ತಾನು ಬಲ್ಲ ಗುಟ್ಟುಗಳನ್ನು ವೈದ್ಯನೂ ಸೇವಕಿಯೂ ಕೇಳುತ್ತಿರುವಾಗ ಆಡಿಬಿಡುವ ಸನ್ನಿವೇಶವಾಗಿ ಓದಿದರೆ ನಾಟಕದ ನಡುಭಾಗಕ್ಕೂ ಕೊನೆಗೂ ಸಂಬಂಧ ಕಾಣಿಸುತ್ತದೆ.

ಹಿನ್ನೆಲೆಯ ಬಗ್ಗೆ ಇಲ್ಲೊಂದು ಮಾತು. ಜಿಸಿಎಸ್‌ಇ ಮೌಲ್ಯಮಾಪನದಲ್ಲಿ ಕೃತಿಯ ಕಾಲ, ಸಮಾಜಗಳ ಅರಿವಿಗೂ ಅಂಕವಿದೆ. ಇದರಿಂದಾಗಿ ದೊರೆ ಜೇಮ್ಸ್ ಮಾಟಮಂತ್ರದ ಬಗ್ಗೆ 1597ರಲ್ಲಿ ಪುಸ್ತಕ ಬರೆದಿದ್ದ, 1605ರಲ್ಲಿ ಅವನನ್ನು ಮದ್ದಿಟ್ಟು ಕೊಲ್ಲುವ ಸಂಚು ನಡೆದಿತ್ತು ಎಂಬ ಎರಡು ವಾಕ್ಯಗಳನ್ನು ಮಕ್ಕಳು ಬಾಯಿಪಾಠ ಮಾಡಿ, ಯಾವ ಪ್ರಶ್ನೆ ಬಂದರೂ ತುರುಕುತ್ತಾರೆ. ದೊರೆಯ ಕೊಲೆ ಅಂದಿನ ಪ್ರೇಕ್ಷಕರಿಗೆ ಹೇಗೆ ಕೇಳಿಸಿರಬೇಕೆಂದು ಒಂದು ನಿರ್ದಿಷ್ಟ ಸಾಲಿನ ಪಕ್ಕದಲ್ಲಿ ಹೇಳಿದರೆ ಆ ವಿವರಕ್ಕೆ ಬೆಲೆ ಬರುತ್ತದೆ. ಬಿಡಿಯಾಗಿ ನಿಂತರೆ ಅದು ಇತಿಹಾಸದ ಉತ್ತರಪತ್ರಿಕೆಯಿಂದ ಹಾರಿಬಂದ ಚೂರು.

ಕಾದಂಬರಿಯಲ್ಲಿ ಓದುಗರಿಗೂ ಪಾತ್ರಕ್ಕೂ ನಡುವೆ ಕಥೆ ಹೇಳುವ ದನಿಯೊಂದು ಬಂದು ಕೂರುತ್ತದೆ. 1958ರಲ್ಲಿ ಪ್ರಕಟವಾದ ‘ಥಿಂಗ್ಸ್ ಫಾಲ್ ಅಪಾರ್ಟ್’ ನೈಜೀರಿಯದ ಇಗ್ಬೊ ಜನರ ಉಮುವೊಫಿಯ ಎಂಬ ಕಡೆ ನಡೆಯುವ ಕಥೆ. ಕುಸ್ತಿಯಲ್ಲಿ ಹೆಸರಾದ ಒಕೊಂಕ್ವೊ ತನ್ನ ತಂದೆಯಂತೆ ಕೈಲಾಗದವನೆನಿಸಿಕೊಳ್ಳಬಾರದೆಂಬ ಒಂದೇ ಛಲದಲ್ಲಿ ಬದುಕು ಕಟ್ಟಿಕೊಂಡವನು. ಒಟ್ಟು 25 ಅಧ್ಯಾಯಗಳಲ್ಲಿ ಮೊದಲ 13 ಸೇರಿ ಒಂದನೆಯ ಭಾಗ, ಅದರಲ್ಲಿ ಬಿಳಿಯರ ಆಡಳಿತವೂ ಇಲ್ಲ, ಚರ್ಚೂ ಇಲ್ಲ. ಗೆಣಸಿನ ಬೆಳೆ, ಶಾಂತಿಯ ವಾರ, ಹೊಸ ಗೆಣಸಿನ ಹಬ್ಬ, ಮದುವೆಯ ಮಾತುಕತೆ, ಹಿರಿಯರು ಮುಖವಾಡ ತೊಟ್ಟು ನಡೆಸುವ ನ್ಯಾಯಪಂಚಾಯಿತಿ ಇವೇ ತುಂಬಿವೆ. ಕಥೆ ಯಾವಾಗ ಶುರುವಾಗುತ್ತದೆ ಎಂದು ಮಕ್ಕಳು ಗೊಣಗುವುದು ಸಹಜ. ಗ್ರೀಕ್ ನಾಟಕಕಾರನಿಗೆ ಥೀಬ್ಸ್ ಹೇಗಿತ್ತೆಂದು ಹೇಳುವ ಅಗತ್ಯವಿರಲಿಲ್ಲ, ಪ್ರೇಕ್ಷಕರಿಗೆ ಅದು ಪರಿಚಿತ. ಅಚೆಬೆಯ ಓದುಗರಲ್ಲಿ ಅನೇಕರಿಗೆ ಉಮುವೊಫಿಯ ಗೊತ್ತಿಲ್ಲ, ಗೊತ್ತಿಲ್ಲದ್ದು ಬಿದ್ದುಹೋದರೆ ನೋವಾಗುವುದಿಲ್ಲ. ಆದ್ದರಿಂದ ಬೀಳಲಿರುವುದನ್ನು ಅವನು ಅರ್ಧ ಪುಸ್ತಕದುದ್ದಕ್ಕೂ ಕಟ್ಟುತ್ತಾನೆ.

ದೋಷಕ್ಕೂ ಶಿಕ್ಷೆಗೂ ಇರುವ ಸಂಬಂಧವನ್ನು ಈ ಕಾದಂಬರಿ ಬೇಕೆಂದೇ ಕಡಿದುಹಾಕುತ್ತದೆ. ಒತ್ತೆಯಾಗಿ ಬಂದು ಒಕೊಂಕ್ವೊನ ಮನೆಯಲ್ಲಿ ಬೆಳೆದ ಇಕೆಮೆಫುನ ಎಂಬ ಹುಡುಗನನ್ನು ಕೊಲ್ಲಬೇಕೆಂದು ದೇವತೆಯ ಅಪ್ಪಣೆಯಾದಾಗ, ಆ ಹುಡುಗ ನಿನ್ನನ್ನು ಅಪ್ಪ ಎನ್ನುತ್ತಾನೆ, ಅದರಲ್ಲಿ ನೀನು ಕೈಹಾಕಬೇಡ ಎಂದು ಹಿರಿಯ ಎಜೆಉದು ಎಚ್ಚರಿಸುತ್ತಾನೆ. ಆದರೂ ಒಕೊಂಕ್ವೊ ಹೋಗುತ್ತಾನೆ. ಪೆಟ್ಟು ತಿಂದ ಹುಡುಗ ಅಪ್ಪಾ ಎಂದು ಕೂಗುತ್ತ ತನ್ನ ಕಡೆಗೇ ಓಡಿಬಂದಾಗ, ಅಳ್ಳೆದೆಯವನೆಂದು ಜನ ಅಂದಾರೆಂಬ ಭಯಕ್ಕೆ ತಾನೇ ಕತ್ತಿ ಬೀಸುತ್ತಾನೆ. ಇದಕ್ಕೆ ಊರು ಅವನಿಗೆ ಯಾವ ಶಿಕ್ಷೆಯನ್ನೂ ವಿಧಿಸುವುದಿಲ್ಲ. ಮುಂದೆ ಅದೇ ಎಜೆಉದುವಿನ ಉತ್ತರಕ್ರಿಯೆಯಲ್ಲಿ ಅವನ ಬಂದೂಕು ಸಿಡಿದು ಎಜೆಉದುವಿನ ಹದಿನಾರು ವರ್ಷದ ಮಗ ಸಾಯುತ್ತಾನೆ. ಅದು ಶುದ್ಧ ಆಕಸ್ಮಿಕ. ಆದರೆ ಕುಲದವನನ್ನು ಕೊಂದದ್ದು ಭೂದೇವಿಗೆ ಮಾಡಿದ ಅಪಚಾರವಾದ್ದರಿಂದ ಏಳು ವರ್ಷ ಊರು ಬಿಡಬೇಕಾಗುತ್ತದೆ. ತಿಳಿದು ಮಾಡಿದ್ದಕ್ಕೆ ಶಿಕ್ಷೆಯಿಲ್ಲ, ತಿಳಿಯದೆ ಆದದ್ದಕ್ಕೆ ಶಿಕ್ಷೆಯಿದೆ. ಗೆಳೆಯ ಒಬಿಯೆರಿಕ ಆ ರಾತ್ರಿ ಇದನ್ನೇ ಚಿಂತಿಸುತ್ತ ಕೂರುತ್ತಾನೆ, ಉತ್ತರ ಸಿಗುವುದಿಲ್ಲ. ಈಡಿಪಸನನ್ನು ಓದಿ ಬಂದ ವಿದ್ಯಾರ್ಥಿಗೆ ಈ ಪುಟ ಕೂಡಲೇ ತಟ್ಟುತ್ತದೆ. ಎರಡು ಕೃತಿಗಳನ್ನು ಹೋಲಿಸಿ ಬರೆಯಬೇಕಾದವರು ದುರಂತ ನಾಯಕನ ಲಕ್ಷಣಗಳ ಪಟ್ಟಿ ಹಿಡಿದು ಟಿಕ್ ಹಾಕುವ ಬದಲು ಇಲ್ಲಿಂದ ಶುರು ಮಾಡಬಹುದು. ಹುಡುಗನ ಕೊಲೆಯ ನಿಜವಾದ ಫಲ ಬೇರೆ ಕಡೆ ಬೆಳೆಯುತ್ತದೆ: ಮಗ ನ್ವೊಯೆಯ ಮನಸ್ಸು ಅಂದೇ ಮುರಿದಿದ್ದು, ಮುಂದೆ ಅವನು ಚರ್ಚಿನ ಹಾಡಿಗೆ ಮಾರುಹೋಗುತ್ತಾನೆ.

ಕಾದಂಬರಿಯ ಕೊನೆಯಲ್ಲಿ ಒಕೊಂಕ್ವೊ ನೇಣು ಹಾಕಿಕೊಂಡಿದ್ದಾನೆ. ಕಥನದ ದನಿ ಅಲ್ಲಿಯವರೆಗೆ ಬಹುಮಟ್ಟಿಗೆ ಊರಿನವರ ಪಕ್ಕದಲ್ಲಿ ನಡೆದುಬಂದದ್ದು, ಕಟ್ಟಕಡೆಯ ಪ್ಯಾರಾದಲ್ಲಿ ಜಿಲ್ಲಾ ಕಮಿಷನರನ ತಲೆಯೊಳಗೆ ಹೊಕ್ಕುಬಿಡುತ್ತದೆ. ತಾನು ಬರೆಯಲಿರುವ ಪುಸ್ತಕದಲ್ಲಿ ಈ ಮನುಷ್ಯನಿಗೆ ಒಂದು ಅಧ್ಯಾಯ ಬೇಡ, ಒಂದು ಪ್ಯಾರಾ ಕೊಟ್ಟರೆ ಸಾಕು ಎಂದು ಅವನು ಲೆಕ್ಕ ಹಾಕುತ್ತಾನೆ. ನಾವು ಇಡೀ ಪುಸ್ತಕ ಓದಿ ತಿಳಿದುಕೊಂಡದ್ದರಲ್ಲಿ ಒಂದಂಶವೂ ಅವನಿಗೆ ತಿಳಿಯದು, ತಿಳಿಯದು ಎಂಬುದೂ ಅವನಿಗೆ ತಿಳಿಯದು. ಗ್ರೀಕ್ ನಾಟಕದಲ್ಲಿ ಪ್ರೇಕ್ಷಕರಿಗೂ ನಾಯಕನಿಗೂ ಇದ್ದ ಅಂತರ ಇಲ್ಲಿ ಓದುಗರಿಗೂ ಆಳುವವನಿಗೂ ನಡುವೆ ಬಂದು ನಿಂತಿದೆ.

ಕನ್ನಡದಲ್ಲಿ ಓದಿ ಬೆಳೆದವರಿಗೆ ಈ ಬಗೆಯ ಓದು ಪರಕೀಯವಲ್ಲ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನ ದೋಷಗಳನ್ನು ಯಾರೂ ಹುಡುಕಬೇಕಾಗಿಲ್ಲ, ಅವು ಲೋಕಕ್ಕೇ ಗೊತ್ತು. ಆದರೂ ರಣರಂಗದಲ್ಲಿ ತನ್ನವರ ಹೆಣಗಳ ನಡುವೆ ನಡೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನೆದುರು ನಿಂತು ನಿನ್ನ ಸಾಹಸದ ಒಂದು ಪಾಲಿನಂಥ ಮರಣವಾದರೂ ನನಗೆ ಬರಲಿ ಎನ್ನುವ ದೊರೆಯನ್ನೂ, ಭೀಮನ ಕೂಗಿಗೆ ‘ನೀರೊಳಗಿರ್ದುಂ ಬೆಮರ್ತ’ ಅದೇ ದೊರೆಯನ್ನೂ ಒಟ್ಟಿಗೆ ಓದಿದಾಗ ತೀರ್ಪು ಕೊಡುವ ಅವಸರ ಹಿಂದೆ ಸರಿಯುತ್ತದೆ. ಬಿ. ಎಂ. ಶ್ರೀಕಂಠಯ್ಯನವರು ಇದೇ ಕಾವ್ಯವನ್ನು 1926ರಲ್ಲಿ ನಾಟಕವಾಗಿಸಿದ್ದೂ, ಸೊಫೊಕ್ಲಿಸನ ‘ಏಜಾಕ್ಸ್’ ಮಾದರಿಯಲ್ಲಿ 1929ರಲ್ಲಿ ‘ಅಶ್ವತ್ಥಾಮನ್’ ಬರೆದದ್ದೂ ಗ್ರೀಕ್ ದುರಂತದ ಕಣ್ಣಿನಿಂದ ನಮ್ಮ ಮಹಾಭಾರತವನ್ನು ನೋಡುವ ಪ್ರಯತ್ನದಲ್ಲಿಯೇ. ಈಡಿಪಸನನ್ನು ಪಿ. ಲಂಕೇಶರು ಕನ್ನಡಕ್ಕೆ ತಂದಿದ್ದಾರೆ. ಹೊರನಾಡಿನಲ್ಲಿ ಮಕ್ಕಳಿಗೆ ಈ ಪಾಠಗಳನ್ನು ಓದಿಸಬೇಕಾದ ತಂದೆತಾಯಿಗಳು ಆ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡರೆ, ಇಂಗ್ಲಿಷ್ ಅನುವಾದದ ಒರಟು ಸಾಲುಗಳಲ್ಲಿ ಸಿಕ್ಕಿಕೊಂಡಾಗ ಉಪಯೋಗಕ್ಕೆ ಬರುತ್ತದೆ.

ಇನ್ನು ಬರವಣಿಗೆಯ ವಿಷಯ. “ಈಡಿಪಸನ ಅಹಂಕಾರವೇ ಅವನ ಪತನಕ್ಕೆ ಕಾರಣ” ಎಂದು ಪ್ರಬಂಧ ಆರಂಭಿಸುವ ವಿದ್ಯಾರ್ಥಿ ಮುಂದಿನ ನಾಲ್ಕು ಪ್ಯಾರಾಗಳಲ್ಲಿ ಅದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳಬೇಕಾಗುತ್ತದೆ. “ಈಡಿಪಸನ ಭಯ ಕಳೆಯಲು ಬಂದ ಯೊಕಾಸ್ತ ಮತ್ತು ದೂತ ಇಬ್ಬರೂ ಅವನನ್ನು ಅದೇ ಭಯದ ಕಡೆಗೆ ಒಂದೊಂದು ಹೆಜ್ಜೆ ತಳ್ಳುತ್ತಾರೆ” ಎಂದು ಆರಂಭಿಸಿದರೆ ಎರಡು ದೃಶ್ಯಗಳು ಆಗಲೇ ಕೈಯಲ್ಲಿವೆ, ಪ್ರತಿಯೊಂದರಿಂದ ಯಾವ ಮಾತನ್ನು ಉದ್ಧರಿಸಬೇಕೆಂಬುದೂ ಗೊತ್ತಿದೆ. ಪುಸ್ತಕವಿಲ್ಲದ ಪರೀಕ್ಷೆಗೆ ಉದ್ದುದ್ದ ಸಾಲುಗಳನ್ನು ಉರುಹೊಡೆಯುವುದಕ್ಕಿಂತ, ತಿಳಿವು ಬದಲಾಗುವ ಗಳಿಗೆಯ ಐದಾರು ಪದಗಳನ್ನು ನೆನಪಿಟ್ಟುಕೊಳ್ಳುವುದು ಸಾಕಾಗುತ್ತದೆ: ಮೂರು ದಾರಿ ಕೂಡುವ ಜಾಗ, ಚುಚ್ಚಿದ ಕಾಲು, ಮ್ಯಾಕ್‌ಬೆತ್ ಹೆಂಡತಿಗೆ ತಿಳಿಯದಿರಲೆಂದ ಮಾತು, ಕಮಿಷನರನ ಒಂದು ಪ್ಯಾರಾ. ಪ್ರಶ್ನೆ ಪಾತ್ರದ ಬಗ್ಗೆಯೇ ಬರಲಿ, ವಿಧಿಯ ಬಗ್ಗೆ ಬರಲಿ, ಅಧಿಕಾರದ ಬಗ್ಗೆ ಬರಲಿ, ಇವುಗಳಲ್ಲಿ ಒಂದಾದರೂ ಆ ಉತ್ತರದೊಳಗೆ ತನ್ನ ಜಾಗ ಹುಡುಕಿಕೊಳ್ಳುತ್ತದೆ.